ಗ್ಲೋಬ್ ಕೊಳ್ಳುವ ಮುನ್ನ: ಗೋಳ ಸ್ಟ್ಯಾಂಡಿನಿಂದ ಹೊರಬರುತ್ತದೆಯೇ ನೋಡಿ

ಪ್ರಶ್ನೆ: ಎಂಟು ವರ್ಷದ ಮಗಳಿಗೆಂದು ಮನೆಗೊಂದು ಗ್ಲೋಬ್ ಕೊಳ್ಳಬೇಕು. ನಾನು ಪಾಠ ಮಾಡುವ ಆರನೇ ತರಗತಿಗೂ (36 ಮಕ್ಕಳು) ಬೇಕು. ಒಳಗೆ ದೀಪ ಉರಿಯುವುದು, ಬೆಟ್ಟಗಳು ಉಬ್ಬಿಕೊಂಡಿರುವುದು, ಹಳೇ ಕಾಲದ ನಕ್ಷೆಯಂತೆ ಕಂದು ಬಣ್ಣದ್ದು, ನೋಡಿದಷ್ಟೂ ಗೊಂದಲವಾಗುತ್ತಿದೆ. ಮನೆಯದ್ದು ಹಜಾರದಲ್ಲಿ ಚೆನ್ನಾಗಿ ಕಾಣಲೂಬೇಕು. ಏನು ನೋಡಿ ಆರಿಸಲಿ? ಮನೆಯಲ್ಲಿರುವ ತುಂಬ ಹಳೆಯ ಗ್ಲೋಬನ್ನು ಎಸೆದುಬಿಡಲೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇವೆ. ಮನೆಗೆ 30 ಸೆಂ.ಮೀ. ವ್ಯಾಸದ, ದೀಪವಿಲ್ಲದ, ಸಮುದ್ರ ನೀಲಿಯಾಗಿರುವ, ದೇಶಗಳ ಗಡಿಯ ಜೊತೆಗೆ ಪರ್ವತ-ನದಿಗಳೂ ಕಾಣುವ ಗ್ಲೋಬ್ ತೆಗೆದುಕೊಳ್ಳಿ. ಗೋಳವನ್ನು ಸ್ಟ್ಯಾಂಡಿನಿಂದ ಬಿಡಿಸಿ ಕೈಗೆತ್ತಿಕೊಳ್ಳಲು ಬರಬೇಕು. ಹಜಾರದ ಅಂದಕ್ಕೆ ಮರದ ಅಥವಾ ಲೋಹದ ಸ್ಟ್ಯಾಂಡ್ ಸಾಕು, ನಕ್ಷೆಯನ್ನೇ ಕಂದು ಮಾಡಿಸಬೇಕಿಲ್ಲ. ತರಗತಿಗಾದರೆ ಒಂದು ದೊಡ್ಡ ಗ್ಲೋಬಿನ ಬದಲು ಆರು ಸಣ್ಣವು. ಇದಕ್ಕೆಲ್ಲ ಕಾರಣ ಮುಂದಿದೆ.

ಗಾತ್ರದಿಂದ ಶುರುಮಾಡೋಣ, ಏಕೆಂದರೆ ಮೋಸಹೋಗುವುದು ಹೆಚ್ಚಾಗಿ ಇಲ್ಲೇ. ಆನ್‌ಲೈನಿನಲ್ಲಿ "30 ಸೆಂ.ಮೀ. ಗ್ಲೋಬ್" ಎಂದು ಬರೆದಿರುವುದು ಎಷ್ಟೋ ಸಲ ಸ್ಟ್ಯಾಂಡ್ ಸೇರಿಸಿದ ಒಟ್ಟು ಎತ್ತರ. ಪೆಟ್ಟಿಗೆ ತೆರೆದರೆ ಗೋಳ ಬರೀ 20 ಸೆಂ.ಮೀ. ಇರುತ್ತದೆ. ಗೋಳದ ವ್ಯಾಸ ಎಷ್ಟು ಎಂದೇ ಕೇಳಿ. ಅಂಗಡಿಯಲ್ಲಾದರೆ ಸಮಭಾಜಕ ವೃತ್ತದ ಸುತ್ತ ಟೇಪು ಸುತ್ತಿ, ಬಂದ ಅಳತೆಯನ್ನು 3.14ರಿಂದ ಭಾಗಿಸಿ. 94 ಸೆಂ.ಮೀ. ಬಂದರೆ ಅದು 30 ಸೆಂ.ಮೀ. ಗೋಳ. ಭೂಮಿಯ ಸರಾಸರಿ ವ್ಯಾಸ 12,742 ಕಿ.ಮೀ. ಆದ್ದರಿಂದ ಈ ಗೋಳದ ಮೇಲೆ 1 ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. 20 ಸೆಂ.ಮೀ. ಗೋಳದಲ್ಲಿ ಅದೇ 1 ಸೆಂ.ಮೀ.ಗೆ 637 ಕಿ.ಮೀ. ತುಂಬಬೇಕು. ಹಾಗಾಗಿ ಯುರೋಪಿನ ಸಣ್ಣ ದೇಶಗಳ ಹೆಸರು ಒಂದರ ಮೇಲೊಂದು ಹತ್ತಿಕೊಳ್ಳುತ್ತವೆ, ಕೆರಿಬಿಯನ್ ದ್ವೀಪಗಳ ಜಾಗದಲ್ಲಿ ಬರೀ ಅಂಕಿಗಳು ಉಳಿಯುತ್ತವೆ. 10 ಸೆಂ.ಮೀ.ಯದ್ದು ಮೇಜಿನ ಅಲಂಕಾರಕ್ಕಷ್ಟೆ. 40 ಸೆಂ.ಮೀ. ಓದಲು ಸೊಗಸು, ಆದರೆ ಮಗು ಒಂದೇ ತೋಳಿನಲ್ಲಿ ಎತ್ತಿಕೊಳ್ಳಲಾರದು, ಅದನ್ನಿಡಲು ಮೇಜಿನ ಅರ್ಧ ಜಾಗ ಬಿಟ್ಟುಕೊಡಬೇಕು. ಎಂಟರ ಮಗುವಿಗೆ 30 ಹದವಾದ ಗಾತ್ರ.

ಇನ್ನು ನಕ್ಷೆ. ಅದು ಎಷ್ಟು ಹೊಸದು ಎಂಬುದನ್ನು ಪೆಟ್ಟಿಗೆಯ ಮೇಲಿನ ವರ್ಷ ಹೇಳುವುದಿಲ್ಲ. ಹಳೆಯ ನಕ್ಷೆಯನ್ನೇ ವರ್ಷವರ್ಷವೂ ಹೊಸ ಗೋಳಕ್ಕೆ ಅಂಟಿಸುವುದುಂಟು. ನಾಲ್ಕು ಜಾಗ ನೋಡಿದರೆ ಸಾಕು. ಆಫ್ರಿಕಾದಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವಾಗಿರಬೇಕು (2011). ಅದೇ ಖಂಡದ ದಕ್ಷಿಣ ತುದಿಯ ಬಳಿ ಸ್ವಾಜಿಲ್ಯಾಂಡ್ ಬದಲು ಎಸ್ವಾಟಿನಿ ಎಂದಿರಬೇಕು (2018). ಗ್ರೀಸಿನ ಮೇಲೆ ಉತ್ತರ ಮ್ಯಾಸಿಡೋನಿಯ ಇರಬೇಕು (2019). ಕಜಕಸ್ತಾನದ ರಾಜಧಾನಿ ಇನ್ನೂ ಚುರುಕಾದ ಸಾಕ್ಷಿ: 2019ರಲ್ಲಿ ಅಸ್ತಾನಾ ಹೋಗಿ ನೂರ್-ಸುಲ್ತಾನ್ ಆಯಿತು, 2022ರಲ್ಲಿ ಮತ್ತೆ ಅಸ್ತಾನಾ ಆಯಿತು. ನೂರ್-ಸುಲ್ತಾನ್ ಎಂದಿದ್ದರೆ ಆ ನಕ್ಷೆ ತಯಾರಾದದ್ದು ಆ ಮೂರು ವರ್ಷಗಳ ನಡುವೆ.

ಹೆಸರುಗಳನ್ನು ತಿದ್ದುವುದು ಸುಲಭ. ಗೆರೆಗಳನ್ನು ತಿದ್ದಲು ಹೆಚ್ಚು ಶ್ರದ್ಧೆ ಬೇಕು, ಆದ್ದರಿಂದ ತಯಾರಕರ ನಿಷ್ಠೆ ತಿಳಿಯಲು ಪೆಸಿಫಿಕ್ ಸಾಗರದ ನಡುವೆ ಅಂತರರಾಷ್ಟ್ರೀಯ ದಿನರೇಖೆಯನ್ನು ನೋಡಿ. ಕಿರಿಬಾಟಿ ದ್ವೀಪಗಳೆಲ್ಲ ಒಂದೇ ತಾರೀಖಿಗೆ ಬರಲೆಂದು 1995ರಲ್ಲಿ ಆ ರೇಖೆ ಪೂರ್ವಕ್ಕೆ, ಸುಮಾರು 150 ಡಿಗ್ರಿ ಪಶ್ಚಿಮ ರೇಖಾಂಶದವರೆಗೆ, ದೊಡ್ಡದಾಗಿ ಚಾಚಿಕೊಂಡಿತು. ಸಮೋವಾ 2011ರ ಡಿಸೆಂಬರ್ 30ನ್ನೇ ಬಿಟ್ಟು 29ರಿಂದ 31ಕ್ಕೆ ಹಾರಿ ರೇಖೆಯ ಪಶ್ಚಿಮಕ್ಕೆ ಬಂತು. ಆ ಚಾಚು ಇಲ್ಲದೆ ರೇಖೆ ಅಲ್ಲಿ ನೆಟ್ಟಗೆ ಇಳಿದಿದ್ದರೆ, ಉಳಿದ ಕಡೆ ಎಷ್ಟೇ ಹೊಸ ಹೆಸರಿದ್ದರೂ ಆ ನಕ್ಷೆಯನ್ನು ನಂಬಲು ನಮಗೆ ಮನಸ್ಸು ಬರುವುದಿಲ್ಲ.

ವಿವಾದದ ಗಡಿಗಳನ್ನು ಬೇರೆ ಬೇರೆ ದೇಶದ ತಯಾರಕರು ಬೇರೆ ಬೇರೆ ರೀತಿ ತೋರಿಸುತ್ತಾರೆ. ಶಾಲೆಗೆ ಕೊಳ್ಳುವಾಗ ನಿಮ್ಮ ದೇಶದ ಅಧಿಕೃತ ನಕ್ಷೆಗೆ ಹೊಂದುತ್ತದೆಯೇ ಎಂದು ಪಕ್ಕಪಕ್ಕ ಇಟ್ಟು ನೋಡಿ.

ಬಣ್ಣದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ದೊಡ್ಡವರಲ್ಲೂ ಇದೆ. ಪ್ರಾಕೃತಿಕ ನಕ್ಷೆಯ ಹಸಿರು ಸಾಮಾನ್ಯವಾಗಿ ಕಾಡನ್ನಲ್ಲ, ತಗ್ಗು ನೆಲವನ್ನು ಸೂಚಿಸುತ್ತದೆ. ಹಳದಿ, ಕಂದು ಆಗುತ್ತಾ ಹೋದಂತೆ ನೆಲದ ಎತ್ತರ ಹೆಚ್ಚುತ್ತದೆ. ಹಾಗಾಗಿ ಮರುಭೂಮಿಯ ತಗ್ಗು ಭಾಗವೂ ಹಸಿರಾಗಿರಬಹುದು. ಕೆಲವು ಗ್ಲೋಬ್‌ಗಳಲ್ಲಿ ಮಾತ್ರ ಹಸಿರು ನಿಜಕ್ಕೂ ಸಸ್ಯವೇ. ಯಾವುದೆಂದು ತಿಳಿಯಲು ಬಣ್ಣಗಳ ವಿವರಣೆ ಇರುವ ಸಣ್ಣ ಪೆಟ್ಟಿಗೆಯನ್ನು ಹುಡುಕಿ, ಅದು ಹೆಚ್ಚಾಗಿ ದಕ್ಷಿಣ ಪೆಸಿಫಿಕ್‌ನ ಖಾಲಿ ನೀರಿನಲ್ಲಿರುತ್ತದೆ. ಆ ಪೆಟ್ಟಿಗೆಯೇ ಇಲ್ಲದ ಗ್ಲೋಬನ್ನು ತರಗತಿಗೆ ತರಬೇಡಿ.

ತಯಾರಿಕೆಯ ತಪ್ಪುಗಳನ್ನು ಕಣ್ಣಿನಲ್ಲೇ ಹಿಡಿಯಬಹುದು. ಗ್ಲೋಬ್ ಮಾಡುವುದು ಎರಡು ರೀತಿ. ಹಳೆಯ ಕ್ರಮದಲ್ಲಿ ನಕ್ಷೆಯನ್ನು ದೋಣಿಯಾಕಾರದ ಪಟ್ಟಿಗಳಾಗಿ ಮುದ್ರಿಸಿ, ಸಾಮಾನ್ಯವಾಗಿ 30 ಡಿಗ್ರಿಗೆ ಒಂದರಂತೆ 12 ಪಟ್ಟಿ, ಗುಂಡಿನ ಮೇಲೆ ಅಂಟಿಸುತ್ತಾರೆ. ಅಂಟು ತಾಗಿ ಒದ್ದೆಯಾದ ಕಾಗದ ಹಿಗ್ಗುತ್ತದೆ. ಹಿಗ್ಗಿದ ಲೆಕ್ಕ ತಪ್ಪಿದರೆ ಪಕ್ಕದ ಪಟ್ಟಿಯ ಮೇಲೆ ಹತ್ತಿ ಊರುಗಳನ್ನು ನುಂಗುತ್ತದೆ, ಇಲ್ಲವೇ ನಡುವೆ ಬಿಳಿ ಸಂದು ಬಿಡುತ್ತದೆ. ಎರಡನೆಯ ಕ್ರಮದಲ್ಲಿ ಉತ್ತರಾರ್ಧ, ದಕ್ಷಿಣಾರ್ಧಗಳನ್ನು ಎರಡು ಬಟ್ಟಲುಗಳಂತೆ ಅಚ್ಚೊತ್ತಿ ಸಮಭಾಜಕ ವೃತ್ತದಲ್ಲಿ ಕೂಡಿಸುತ್ತಾರೆ. ಈಗ ಸಿಗುವ ಅಗ್ಗದ ಗ್ಲೋಬ್‌ಗಳಲ್ಲಿ ಹೆಚ್ಚಿನವು ಹೀಗೆ ಮಾಡಿದವು. ಇಲ್ಲಿ ಕೂಡಿಸುವಾಗ ಎರಡು ಬಟ್ಟಲು ಒಂದಕ್ಕೊಂದು ಸ್ವಲ್ಪ ತಿರುಗಿಹೋದರೆ ಎಲ್ಲ ರೇಖಾಂಶಗಳೂ ನಡುವಿನಲ್ಲಿ ಮುರಿಯುತ್ತವೆ. 30 ಸೆಂ.ಮೀ. ಗೋಳದ ಸಮಭಾಜಕದಲ್ಲಿ 1 ಡಿಗ್ರಿ ಎಂದರೆ 2.6 ಮಿ.ಮೀ., ಅಂದರೆ 111 ಕಿ.ಮೀ. ಎರಡು ಮಿ.ಮೀ. ತಿರುಗಿದರೂ ಕರಾವಳಿ 85 ಕಿ.ಮೀ. ಜರುಗಿದಂತೆ.

ನೋಡಬೇಕಾದ ಜಾಗಗಳು ಇವು: ಸುಮಾತ್ರಾ, ಬೋರ್ನಿಯೊ, ವಿಕ್ಟೋರಿಯಾ ಸರೋವರ, ಅಮೆಜಾನ್ ನದಿಯ ಮುಖ. ನಾಲ್ಕೂ ಸಮಭಾಜಕದ ಮೇಲೆಯೇ ಇವೆ. ಬೋರ್ನಿಯೊದ ಪಶ್ಚಿಮ ಕರಾವಳಿಯ ಗೆರೆಯನ್ನು ಉಗುರಿನಿಂದ ಹಿಡಿದು ಮೇಲಿಂದ ಕೆಳಕ್ಕೆ ಬನ್ನಿ. ಜೋಡಣೆಯ ಗೆರೆ ದಾಟುವಾಗ ಕರಾವಳಿ ಮೆಟ್ಟಿಲಿನಂತೆ ಪಕ್ಕಕ್ಕೆ ಸರಿದರೆ ಆ ಗೋಳ ಬಿಟ್ಟುಬಿಡಿ, ಅದೇ ಮಾದರಿಯ ಇನ್ನೊಂದನ್ನು ಕೇಳಿ, ಏಕೆಂದರೆ ಈ ತಪ್ಪು ಒಂದೊಂದು ಗೋಳಕ್ಕೆ ಒಂದೊಂದು ರೀತಿ ಇರುತ್ತದೆ. ಜೋಡಣೆಯ ಮೇಲೆ ಅಗಲವಾದ ಬಣ್ಣದ ಟೇಪು ಅಂಟಿಸಿದ್ದರೆ ಅದರ ಕೆಳಗೆ ಎಷ್ಟು ನೆಲ ಮುಚ್ಚಿಹೋಗಿದೆ ಎಂದು ಯೋಚಿಸಿ: 5 ಮಿ.ಮೀ. ಟೇಪು 200 ಕಿ.ಮೀ.ಗಿಂತ ಹೆಚ್ಚು ಅಗಲದ ಪಟ್ಟಿಯನ್ನು ಮರೆಮಾಡುತ್ತದೆ. ಬಳಿಕ ಧ್ರುವಗಳನ್ನು ನೋಡಿ. ರೇಖಾಂಶಗಳೆಲ್ಲ ಅಕ್ಷದ ಕಡ್ಡಿಯ ಬುಡದಲ್ಲೇ ಸೇರಬೇಕು. ಪಕ್ಕದಲ್ಲೆಲ್ಲೋ ಸೇರಿದರೆ ತೂತು ತಪ್ಪು ಜಾಗದಲ್ಲಿದೆ, ಗೋಳ ತಿರುಗುವಾಗ ಓಲಾಡುತ್ತದೆ. ಕೊನೆಗೆ ಮೆಲ್ಲಗೆ ತಿರುಗಿಸಿ ಬಿಡಿ, ನಾಲ್ಕೈದು ಸಲ. ಪ್ರತಿ ಸಲವೂ ಒಂದೇ ಖಂಡ ಕೆಳಬದಿಗೆ ಬಂದು ನಿಂತರೆ ಗೋಳದ ಒಂದು ಮಗ್ಗುಲು ಭಾರ, ಮೇಲೆ ಇಟ್ಟ ಜಾಗ ನಿಮ್ಮೆದುರು ನಿಲ್ಲದೆ ಜಾರುತ್ತಲೇ ಇರುತ್ತದೆ.

ಈಗ ಸ್ಟ್ಯಾಂಡ್. ಕೊಳ್ಳುವವರು ಇದನ್ನು ಅಂದಕ್ಕೆ ನೋಡುತ್ತಾರೆ, ಆದರೆ ಗ್ಲೋಬಿನಿಂದ ಮಗು ಎಷ್ಟು ಕಲಿಯುತ್ತದೆ ಎಂಬುದು ಹೆಚ್ಚುಕಡಿಮೆ ಇಲ್ಲೇ ತೀರ್ಮಾನವಾಗುತ್ತದೆ. ಸಾಮಾನ್ಯವಾಗಿ ಸಿಗುವುದು ಅರ್ಧ ಕಮಾನಿನ ಸ್ಟ್ಯಾಂಡ್. ಅಕ್ಷ ನೆಟ್ಟಗಿನ ಗೆರೆಯಿಂದ 23.4 ಡಿಗ್ರಿ ವಾಲಿರುತ್ತದೆ. ಕೋನಮಾಪಕ ಹಿಡಿದು ನೋಡಿ, ಅಗ್ಗದವುಗಳಲ್ಲಿ ಈ ಕೋನ ಮನಸ್ಸಿಗೆ ಬಂದಷ್ಟು ಇರುತ್ತದೆ. ಕಮಾನಿನ ಮೇಲೆ 0ಯಿಂದ 90ರವರೆಗೆ ಅಕ್ಷಾಂಶದ ಗುರುತುಗಳಿದ್ದರೆ ಒಳ್ಳೆಯದು. ಇನ್ನೊಂದು ಬಗೆಯಲ್ಲಿ ಗೋಳದ ಸುತ್ತ ಪೂರ್ತಿ ಉಂಗುರವಿದ್ದು, ಅದೂ ಮೇಲೆ ಕೆಳಗೆ ಸರಿಯುತ್ತದೆ. ಇದರಲ್ಲಿ ಯಾವ ಊರನ್ನು ಬೇಕಾದರೂ ತಲೆಯ ಮೇಲಕ್ಕೆ ತರಬಹುದು, ದಕ್ಷಿಣ ಗೋಳಾರ್ಧ ಓದಲು ನೆಲಕ್ಕೆ ಬಗ್ಗಬೇಕಿಲ್ಲ. ನಮ್ಮ ಆಯ್ಕೆ ಅರ್ಧ ಕಮಾನಿನದ್ದೇ, ಆದರೆ ತುದಿಯ ತಿರುಪು ಸಡಿಲಿಸಿದರೆ ಗೋಳ ಕೈಗೆ ಬರುವಂಥದ್ದು. ಕಡ್ಡಿ ಲೋಹದ್ದಾಗಿರಲಿ. ಕಮಾನನ್ನು ಹಿಗ್ಗಿಸಿ ಗೋಳ ಕೀಳುವ ಮಾದರಿಯಲ್ಲಿ ಪ್ಲಾಸ್ಟಿಕ್ ಮೊಳೆಗಳು ಮೊದಲು ಮುರಿಯುತ್ತವೆ.

ಗೋಳ ಯಾಕೆ ಹೊರಗೆ ಬರಬೇಕು? ಒಂದು ಅಗಲ ಬಾಯಿಯ ಬಟ್ಟಲಿನ ಮೇಲೆ ಅದನ್ನು ಕೂರಿಸಿ ಬಿಸಿಲಿಗೆ ಒಯ್ಯಿರಿ. ನಿಮ್ಮ ಊರು ಸರಿಯಾಗಿ ನೆತ್ತಿಯ ಮೇಲೆ ಬರುವಂತೆ ಹೊರಳಿಸಿ, ಊರಿನಿಂದ ಉತ್ತರ ಧ್ರುವದ ಕಡೆಗೆ ಹೋಗುವ ರೇಖಾಂಶ ನಿಜವಾದ ಉತ್ತರ ದಿಕ್ಕಿಗೆ ಇರುವಂತೆ ತಿರುಗಿಸಿ. ಅಷ್ಟೇ, ಈಗ ಗೋಳದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ, ಗೋಳದ ಮೇಲೆ ಬಿಸಿಲು ಬಿದ್ದ ಅರ್ಧವೇ ಆ ಕ್ಷಣದಲ್ಲಿ ಭೂಮಿಯ ಮೇಲೆ ಹಗಲಿರುವ ಅರ್ಧ. ನೆರಳಿನ ಅಂಚು ಪೂರ್ವದಲ್ಲಿ ಹಾದುಹೋಗುವ ಊರುಗಳಲ್ಲಿ ಸೂರ್ಯ ಮುಳುಗುತ್ತಿದ್ದಾನೆ, ಪಶ್ಚಿಮದ ಅಂಚಿನಲ್ಲಿ ಹುಟ್ಟುತ್ತಿದ್ದಾನೆ. ನಿಮ್ಮ ಊರಿನ ಮೇಲೆ ಸಾಸಿವೆಯಷ್ಟು ಜೇಡಿಮಣ್ಣಿಟ್ಟು ಗುಂಡುಸೂಜಿ ನೆಟ್ಟಗೆ ನಿಲ್ಲಿಸಿದರೆ ಅದರ ನೆರಳೂ ಪಕ್ಕದಲ್ಲಿ ನಿಂತ ಮಗುವಿನ ನೆರಳೂ ಒಂದೇ ದಿಕ್ಕಿಗೆ ಚಾಚುತ್ತವೆ. ಜೂನ್ ಕೊನೆಯಲ್ಲಿ ಮಾಡಿದರೆ ಉತ್ತರ ಧ್ರುವ ಪೂರ್ತಿ ಬಿಸಿಲಿನಲ್ಲಿರುತ್ತದೆ, ಡಿಸೆಂಬರ್ ಕೊನೆಯಲ್ಲಿ ಪೂರ್ತಿ ನೆರಳಿನಲ್ಲಿ. ಅರ್ಧ ಗಂಟೆ ಅಲ್ಲೇ ಬಿಟ್ಟು ಬಂದು ನೋಡಿ, ನೆರಳಿನ ಅಂಚು 7.5 ಡಿಗ್ರಿ ಪಶ್ಚಿಮಕ್ಕೆ ಜರುಗಿರುತ್ತದೆ. ಸಮಭಾಜಕದಲ್ಲಿ ಅಳೆದರೆ ಹತ್ತಿರಹತ್ತಿರ 2 ಸೆಂ.ಮೀ. ಬೇರೆ ಯಾವ ಪಾಠೋಪಕರಣವೂ ಇದನ್ನು ಇಷ್ಟು ಚೊಕ್ಕವಾಗಿ ತೋರಿಸುವುದಿಲ್ಲ. ಸ್ಟ್ಯಾಂಡಿಗೆ ಅಂಟಿಕೊಂಡ ಗೋಳದಲ್ಲಿ ಇದನ್ನು ಮಾಡಲು ಬರುವುದೇ ಇಲ್ಲ.

ಕೈಯಲ್ಲಿ ಹಿಡಿದ ಗೋಳದ ಮೇಲೆ ಅಳೆಯಲೂ ಸುಲಭ. ಸಮಭಾಜಕದಿಂದ ಧ್ರುವದವರೆಗೆ ಒಂದು ಕಾಗದದ ಪಟ್ಟಿ ಇಟ್ಟು ಕತ್ತರಿಸಿ. ಆ ದೂರ ಭೂಮಿಯ ಮೇಲೆ ಸುಮಾರು 10,000 ಕಿ.ಮೀ. ಇದು ಕಾಕತಾಳೀಯವಲ್ಲ, ಮೀಟರನ್ನು ಮೊದಲು ನಿಗದಿ ಮಾಡಿದ್ದೇ ಈ ದೂರದ ಒಂದು ಕೋಟಿಯಲ್ಲೊಂದು ಪಾಲು ಎಂದು. ಪಟ್ಟಿಯನ್ನು ಹತ್ತು ಸಮಭಾಗ ಮಾಡಿದರೆ ಒಂದೊಂದೂ 1,000 ಕಿ.ಮೀ. ಗೋಳ ಯಾವ ಗಾತ್ರದ್ದಾದರೂ ಈ ಅಳತೆಪಟ್ಟಿ ಅದಕ್ಕೆ ಸರಿಹೊಂದುತ್ತದೆ. ಟೋಕಿಯೊದಿಂದ ನ್ಯೂಯಾರ್ಕಿಗೆ ಒಂದು ದಾರ ಬಿಗಿದು ಹಿಡಿಯಿರಿ. ಗೋಡೆ ನಕ್ಷೆಯಲ್ಲಿ ನೇರ ಗೆರೆ ಪೆಸಿಫಿಕ್ ಸಾಗರದ ನಡುವೆ ಹೋಗುತ್ತದೆ, ದಾರ ಮಾತ್ರ ಅಲಾಸ್ಕಾದ ಮೇಲೆ ಹಾಯುತ್ತದೆ. ಅಳತೆಪಟ್ಟಿಗೆ ಹಿಡಿದರೆ 11 ಭಾಗಕ್ಕೆ ತುಸು ಕಡಿಮೆ.

ವಾಲಿದ ಸ್ಟ್ಯಾಂಡಿನ ಉಪಯೋಗ ಋತುಗಳ ಪಾಠದಲ್ಲಿದೆ. ನಡುವೆ ಬುರುಡೆ ದೀಪ, ಗೋಳದ ನಡುಮಟ್ಟದ ಎತ್ತರಕ್ಕೆ, ಸುತ್ತ ನಾಲ್ಕು ಕಡೆ ಗ್ಲೋಬ್ ಇಡುವುದು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ದೀಪದ ಸುತ್ತ ನಡೆಯುವಾಗ ಸ್ಟ್ಯಾಂಡನ್ನೂ ತಮ್ಮ ಜೊತೆ ತಿರುಗಿಸಿಬಿಡುತ್ತಾರೆ. ಆಗ ಉತ್ತರ ಧ್ರುವ ಸದಾ ದೀಪದ ಕಡೆಗೇ ವಾಲಿರುತ್ತದೆ, ವರ್ಷವಿಡೀ ಬೇಸಿಗೆ. ಕೋಣೆಯ ಒಂದು ಗೋಡೆಗೆ ಗುರುತು ಹಾಕಿ, ನಾಲ್ಕೂ ಜಾಗದಲ್ಲಿ ಅಕ್ಷ ಆ ಗೋಡೆಯ ಕಡೆಗೇ ವಾಲಿರುವಂತೆ ನೋಡಿಕೊಳ್ಳಿ.

ದೀಪವಿರುವ ಗ್ಲೋಬ್ ರಾತ್ರಿ ಚೆಂದ. ಕೆಲವು ಆರಿದಾಗ ಪ್ರಾಕೃತಿಕ ನಕ್ಷೆಯಾಗಿ, ಹೊತ್ತಿದಾಗ ರಾಜಕೀಯ ನಕ್ಷೆಯಾಗಿ ಕಾಣುತ್ತವೆ, ಅದು ಮಕ್ಕಳಿಗೆ ಇಷ್ಟ. ಆದರೆ ತಂತಿ ಅಕ್ಷದೊಳಗಿಂದ ಹೋಗುವುದರಿಂದ ಗೋಳ ಹೊರಗೆ ಬರುವುದಿಲ್ಲ, ಒಂದೇ ದಿಕ್ಕಿಗೆ ಸುತ್ತುತ್ತಿದ್ದರೆ ಕೆಲವದರಲ್ಲಿ ತಂತಿ ಹೊಸೆದುಕೊಂಡು ತುಂಡಾಗುತ್ತದೆ. ಕೊಳ್ಳುವುದೇ ಆದರೆ ಎಲ್‌ಇಡಿ ಇರಲಿ. ಹಳೆಯ ಬಗೆಯ ಬಲ್ಬಿನ ಕಾವಿಗೆ ಪ್ಲಾಸ್ಟಿಕ್ ಕಂದುಗಟ್ಟಿ ಬಿರಿಯುತ್ತದೆ.

ಉಬ್ಬು ಗ್ಲೋಬಿನ ಬಗ್ಗೆ ನಮಗೆ ಅಷ್ಟು ಒಲವಿಲ್ಲ. 8,849 ಮೀಟರ್ ಎತ್ತರದ ಎವರೆಸ್ಟ್ 30 ಸೆಂ.ಮೀ. ಗೋಳದ ಮೇಲೆ ನಿಜಕ್ಕೂ 0.2 ಮಿ.ಮೀ. ಇರಬೇಕು, ಎರಡು ಕಾಗದ ಒಂದರ ಮೇಲೊಂದಿಟ್ಟಷ್ಟು. ಬೆರಳಿಗೆ 3 ಮಿ.ಮೀ. ಉಬ್ಬು ಸಿಕ್ಕಿದರೆ ಅದು 14 ಪಟ್ಟು ಉತ್ಪ್ರೇಕ್ಷೆ. ಭೂಮಿ ಇಷ್ಟೊಂದು ಗಂಟುಗಂಟಾಗಿದೆ ಎಂದು ಮಗು ನಂಬಿಬಿಡುತ್ತದೆ. ದೃಷ್ಟಿ ಮಂದವಿರುವ ಮಕ್ಕಳಿಗೆ ಮಾತ್ರ ಉಬ್ಬು ನಿಜವಾಗಿ ಬೇಕು, ಅವರಿಗೆ ತೆಗೆದುಕೊಳ್ಳುವಾಗ ಆಂಡೀಸ್ ಪರ್ವತಸಾಲನ್ನು ತಡವಿ ನೋಡಿ. ಮುದ್ರಣವೂ ಅಚ್ಚೂ ಹೊಂದಿಕೊಳ್ಳದಿದ್ದರೆ ಆ ಸಾಲು ಕರಾವಳಿ ಬಿಟ್ಟು ಪೆಸಿಫಿಕ್ ನೀರಿನಲ್ಲಿ ಎದ್ದಿರುತ್ತದೆ.

ಕಂದು ಬಣ್ಣದ ಹಳೇ ಮಾದರಿಯಲ್ಲಿ ಎರಡು ಜಾತಿ. ಒಂದರಲ್ಲಿ ಇಂದಿನ ನಕ್ಷೆಗೇ ಹಳೆಯ ಬಣ್ಣ ಕೊಟ್ಟಿರುತ್ತಾರೆ, ಇನ್ನೊಂದು ನಿಜಕ್ಕೂ ಹಳೆಯ ನಕ್ಷೆಯ ಪ್ರತಿ. ಎರಡನೆಯದರಲ್ಲಿ ಆಸ್ಟ್ರೇಲಿಯಾ ನ್ಯೂ ಹಾಲೆಂಡ್ ಆಗಿರಬಹುದು, ಕ್ಯಾಲಿಫೋರ್ನಿಯ ದ್ವೀಪವಾಗಿರಬಹುದು. ಉಳಿದಿರುವ ಗ್ಲೋಬ್‌ಗಳಲ್ಲಿ ಅತ್ಯಂತ ಹಳೆಯದಾದ, 1492ರ ಸುಮಾರಿಗೆ ಮಾರ್ಟಿನ್ ಬೆಹಾಯಿಮ್ ನ್ಯೂರೆಂಬರ್ಗ್‌ನಲ್ಲಿ ಮಾಡಿಸಿದ ಗೋಳದಲ್ಲಂತೂ ಅಮೆರಿಕ ಖಂಡಗಳೇ ಇಲ್ಲ. ಇಂಥವು ಗೊತ್ತಿದ್ದು ನೋಡುವವರಿಗೆ ಬಹಳ ಸ್ವಾರಸ್ಯ. ಎಂಟು ವರ್ಷದ ಮಗುವಿನ ಮನೆಯ ಒಂದೇ ಒಂದು ಗ್ಲೋಬ್ ಆಗಲು ತಕ್ಕವಲ್ಲ. ಕಂದು ಸಮುದ್ರದ ಮೇಲೆ ಕಂದು ಅಕ್ಷರ ಸಂಜೆಯ ಬೆಳಕಿನಲ್ಲಿ ದೊಡ್ಡವರಿಗೂ ಕಾಣುವುದಿಲ್ಲ. ನೀಲಿಯಲ್ಲೇ ಮಾಸಲು ನೀಲಿ, ತಿಳಿ ಬೂದು ಛಾಯೆಯವು ಸಿಗುತ್ತವೆ, ಅವು ಹಜಾರಕ್ಕೂ ಒಪ್ಪುತ್ತವೆ.

ತರಗತಿಗೆ ಬರೋಣ. ಸಾಮಾನ್ಯ ದೃಷ್ಟಿಯವರು 6 ಮೀಟರ್ ದೂರದಿಂದ ಓದಲು ಅಕ್ಷರ ಸುಮಾರು 9 ಮಿ.ಮೀ. ಎತ್ತರ ಇರಬೇಕು. ಗ್ಲೋಬಿನ ಅಕ್ಷರಗಳಲ್ಲಿ ಹೆಚ್ಚಿನವು 2 ಮಿ.ಮೀ. ಆಸುಪಾಸು. ಮೇಜಿನ ಮೇಲೆ 40 ಸೆಂ.ಮೀ. ಗೋಳ ಇಟ್ಟರೂ ಹಿಂದಿನ ಬೆಂಚಿಗೆ ಅದು ನೀಲಿ ಚೆಂಡು. ಅದರಲ್ಲೂ ಒಬ್ಬರಿಗೆ ಒಮ್ಮೆಗೆ ಅರ್ಧ ಭೂಮಿಗಿಂತ ಹೆಚ್ಚು ಕಾಣುವುದಿಲ್ಲ. ಆದ್ದರಿಂದ 36 ಮಕ್ಕಳಿಗೆ ಆರು ಗುಂಪು, ಗುಂಪಿಗೊಂದು 20ರಿಂದ 25 ಸೆಂ.ಮೀ. ಗ್ಲೋಬ್, ಎಲ್ಲವೂ ಒಂದೇ ಮಾದರಿಯವು. ಮಾದರಿ ಬೇರೆಯಾದರೆ "ಹಳದಿ ದೇಶ ಹುಡುಕಿ" ಎನ್ನಲು ಬರುವುದಿಲ್ಲ. ಜೊತೆಗೊಂದು ಗೋಡೆ ನಕ್ಷೆ ಇರಲಿ. ಕೆಲವು ಬಗೆಯ ನಕ್ಷೆಗಳಲ್ಲಿ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುವ ಗ್ರೀನ್‌ಲ್ಯಾಂಡ್, ಗೋಳದ ಮೇಲೆ ಅದರ ಹದಿನಾಲ್ಕರಲ್ಲಿ ಒಂದು ಪಾಲಷ್ಟೇ ಎಂದು ಮಕ್ಕಳೇ ಕಾಗದ ಕತ್ತರಿಸಿಟ್ಟು ಕಂಡುಕೊಳ್ಳಲಿ. ಪ್ಲಾಸ್ಟಿಕ್ ಗೋಳವಾದರೆ ವೈಟ್‌ಬೋರ್ಡ್ ಮಾರ್ಕರಿನಲ್ಲಿ ಬರೆದು ಒರೆಸಬಹುದು, ಆದರೆ ಮೊದಲು ಅಂಟಾರ್ಕ್ಟಿಕದ ಕೆಳಗೆ ಒಂದು ಚುಕ್ಕೆ ಇಟ್ಟು ಹೋಗುತ್ತದೆಯೇ ನೋಡಿ, ಬರೆದದ್ದನ್ನು ಅಂದೇ ಒರೆಸಿ. ಗಾಳಿ ತುಂಬುವ ಗ್ಲೋಬ್ ಎಸೆದು ಹಿಡಿಯುವ ಆಟಕ್ಕೆ ಸರಿ, ಅಳತೆಗೆ ಬೇಡ. ಮಾತಾಡುವ ಪೆನ್ನು, ಫೋನಿನ ಆ್ಯಪ್ ಇರುವ ಗ್ಲೋಬ್ ಕೊಳ್ಳುವಾಗ ಅವೆಲ್ಲ ಕೆಟ್ಟುಹೋದ ಮೇಲೂ ಉಳಿಯುವ ನಕ್ಷೆ ಹೇಗಿದೆ ಎಂದಷ್ಟೇ ನೋಡಿ.

ಇಡುವ ಜಾಗ ಕಿಟಕಿಯ ಪಕ್ಕ ಬೇಡ. ನೇರ ಬಿಸಿಲಿಗೆ ಕೆಂಪು, ಹಳದಿ ಶಾಯಿ ಮೊದಲು ಮಾಸಿ ಇಡೀ ಭೂಮಿ ನೀಲಿಗಟ್ಟುತ್ತದೆ. ಪ್ಲಾಸ್ಟಿಕ್ಕನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಬಹುದು, ಸ್ಪಿರಿಟ್ ಅಥವಾ ಉಗುರುಬಣ್ಣ ತೆಗೆಯುವ ದ್ರಾವಣ ತಾಗಿದರೆ ಮುದ್ರಣವೇ ಎದ್ದುಬರುತ್ತದೆ.

ಹಳೆಯ ಗ್ಲೋಬನ್ನು ಎಸೆಯಬೇಡಿ. ಅದರ ವಯಸ್ಸನ್ನು ಮಗಳ ಜೊತೆ ಕೂತು ಪತ್ತೆಮಾಡಿ. ಪೂರ್ವ ಪಾಕಿಸ್ತಾನ ಇದ್ದರೆ 1971ಕ್ಕೆ ಮುಂಚಿನದು, ಸಿಲೋನ್ ಇದ್ದರೆ 1972ಕ್ಕೆ, ರೊಡೇಶಿಯಾ ಇದ್ದರೆ 1980ಕ್ಕೆ, ಅಪ್ಪರ್ ವೋಲ್ಟಾ ಇದ್ದರೆ 1984ಕ್ಕೆ, ಚೆಕೊಸ್ಲೊವಾಕಿಯಾ ಇದ್ದರೆ 1993ಕ್ಕೆ, ಜೈರ್ ಇದ್ದರೆ 1997ಕ್ಕೆ ಮುಂಚಿನದು. ಕಾಣುವ ಹೊಸ ಬದಲಾವಣೆ ಯಾವುದು, ಕಾಣದ ಮೊದಲ ಬದಲಾವಣೆ ಯಾವುದು, ಇವೆರಡರ ನಡುವೆ ವರ್ಷ ಸಿಕ್ಕಿಕೊಳ್ಳುತ್ತದೆ. ಜರ್ಮನಿ ಒಂದೇ ಆಗಿದ್ದು ಸೋವಿಯತ್ ಒಕ್ಕೂಟ ಇನ್ನೂ ಇಡಿಯಾಗಿದ್ದರೆ, 1990ರ ಅಕ್ಟೋಬರಿನಿಂದ 1991ರ ಡಿಸೆಂಬರಿನವರೆಗಿನ ಭೂಮಿ ನಿಮ್ಮ ಕೈಯಲ್ಲಿದೆ. ನಂತರ ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು ಕ್ಯಾಸ್ಪಿಯನ್ ಸಮುದ್ರದ ಪೂರ್ವಕ್ಕೆ ಅರಲ್ ಸಮುದ್ರ ಹುಡುಕಿ. ಹಳೆಯದರಲ್ಲಿ ದೊಡ್ಡ ನೀಲಿ ಕೆರೆ, ಶ್ರದ್ಧೆಯಿಂದ ಮಾಡಿದ ಹೊಸದರಲ್ಲಿ ಒಂದೆರಡು ತುಣುಕು: ನದಿಗಳ ನೀರನ್ನು ಹೊಲಗಳಿಗೆ ತಿರುಗಿಸಿದ್ದರಿಂದ 1960ರ ದಶಕದಿಂದ ಅದು ಬತ್ತುತ್ತಾ ಬಂದಿದೆ.

ಆ ಹಳೆಯದು ಕಾಗದ ಅಂಟಿಸಿದ ಗೋಳವಾಗಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಮೆತ್ತನೆಯ ಒಣ ಬ್ರಶ್ಶಿನಿಂದ ಉತ್ತರ ಧ್ರುವದಿಂದ ಕೆಳಮುಖವಾಗಿ ಧೂಳು ತೆಗೆಯಿರಿ. ಪಟ್ಟಿಯ ತುದಿ ಎದ್ದಿದ್ದರೆ, ಅದು ಸಾಮಾನ್ಯವಾಗಿ ಧ್ರುವದ ಬಳಿಯೇ ಏಳುತ್ತದೆ, ಸೂಜಿಯ ಮೊನೆಯಷ್ಟು ಬಿಳಿ ಅಂಟನ್ನು ಕೆಳಗೆ ಸವರಿ ಒಣ ಬಟ್ಟೆಯಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಕ್ಷಣದಲ್ಲಿ ಹಿಡಿಯುವ ಗಟ್ಟಿ ಅಂಟು ಹಾಕಿದರೆ ಕಾಗದ ಕಲೆಗಟ್ಟುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ.